ಲಿಂಗಣ್ಣ ಎದ್ದೇಳುತ್ತಿಲ್ಲ

ಭೇರ್ಯದ ಕಡೆ ಒಂದು ಪದ್ಧತಿ ಇದೆ. ಯಾವ ವಸ್ತು ಯಾರ ಮನೆಯಿಂದ ಬಂತೋ ಅದಕ್ಕೆ ಅವರ ಹೆಸರೇ ನಿಂತುಬಿಡುತ್ತದೆ. ಸಿದ್ದಯ್ಯನಿಂದ ಕೊಂಡ ಹಸು ಸಿದ್ದಯ್ಯನೇ. 'ಸಿದ್ದಯ್ಯ ಈ ಸಲ ಹೆಣ್ಗರು ಹಾಕವ್ನೆ' ಎಂದರೆ ಊರಿನಲ್ಲಿ ಯಾರೂ ಬೆಚ್ಚುವುದಿಲ್ಲ. ಹಾಲು ಎಷ್ಟು ಕೊಡ್ತಾನೆ ಎಂದು ಕೇಳಿ ಮುಂದೆ ಹೋಗುತ್ತಾರೆ.

ನೀಲಾಂಬಿಕೆಯ ಮನೆಯ ಬೀದಿ ಕೋಣೆಯಲ್ಲಿ ಮಹಿಳಾ ಸಂಘ ನಡೆಯುತ್ತಿತ್ತು. ಸಾಲಿಗ್ರಾಮದ ಲಿಂಗಣ್ಣನವರು ಹೈಸ್ಕೂಲಿನ ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ ತಮ್ಮ ಹಳೆಯ ಕಂಪ್ಯೂಟರನ್ನು ಆ ಸಂಘಕ್ಕೆ ದಾನ ಕೊಟ್ಟಿದ್ದರು. ಪದ್ಧತಿಯಂತೆ ಅದೂ ಲಿಂಗಣ್ಣನಾಯಿತು. ಗೊಂದಲ ಬೇಡವೆಂದು ಹೆಂಗಸರು ಒಂದು ಎಚ್ಚರಿಕೆ ವಹಿಸಿದ್ದರು: ಕೊಟ್ಟವರಿಗೆ ಬಹುವಚನ, ಕೊಟ್ಟದ್ದಕ್ಕೆ ಏಕವಚನ. 'ಲಿಂಗಣ್ಣನವರು ಬಂದರು' ಎಂದರೆ ಕಾಫಿ ಇಡಬೇಕು. 'ಲಿಂಗಣ್ಣ ಎದ್ದ' ಎಂದರೆ ಕೆಲಸ ಶುರು ಮಾಡಬಹುದು. ವ್ಯಾಕರಣದ ಮೇಲೆ ಅಷ್ಟು ಭಾರ ಹೊರಿಸಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಬರುವ ಭಾನುವಾರ ಸಂಘದ ವತಿಯಿಂದ ಲಿಂಗಣ್ಣನವರಿಗೆ ಸನ್ಮಾನವಿತ್ತು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲ ಆಗಿತ್ತು. ಸರ್ಕಲ್ಲಿನಲ್ಲಿ ಅವರ ಹಳೆಯ ಫೋಟೊ ಇರುವ ಫ್ಲೆಕ್ಸು ಕೂಡ ನಿಂತಿತ್ತು. ಉಳಿದದ್ದು ಅಭಿನಂದನಾ ಪತ್ರ. ಅದನ್ನು ಸರ್ಕಲ್ಲಿನ ಪ್ರೆಸ್ಸಿನವರಿಗೇ ಬಿಟ್ಟುಬಿಡೋಣ, ಅವರ ಹತ್ತಿರ ರೆಡಿ ಇರುತ್ತದೆ, ಹೆಸರು ಮಾತ್ರ ಹಾಕಿಕೊಡುತ್ತಾರೆ ಎಂದು ಸಂಘದ ಅಧ್ಯಕ್ಷೆ ವಾಣಿಶ್ರೀ ಹೇಳಿದ್ದಳು. ನೀಲಾಂಬಿಕೆ ಒಪ್ಪಲಿಲ್ಲ. ತಾನೇ ಬರೆಯುತ್ತೇನೆ ಎಂದಳು. ಈ ಊರಿನಲ್ಲಿ ಹೆಂಗಸರು ಬರೆಯುವುದೆಂದರೆ ರಂಗೋಲಿ ಮತ್ತು ಸಾಮಾನಿನ ಚೀಟಿ. ಶುಕ್ರವಾರ ಮಧ್ಯಾಹ್ನದೊಳಗೆ ಪತ್ರ ಕೈಗೆ ಬರದಿದ್ದರೆ ಪ್ರೆಸ್ಸಿಗೆ ಹೇಳುವುದೇ ಸೈ ಎಂದು ವಾಣಿಶ್ರೀ ಗಡುವು ಕೊಟ್ಟಳು.

ನೀಲಾಂಬಿಕೆ ಬರೆದಳು. ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೊಂದು ದಿನ ಇದು ನನ್ನದೇ ಎನ್ನುವ ಹಾಗೆ ಬಂತು. ಅದು ಲಿಂಗಣ್ಣನ ಹೊಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಅದನ್ನು ಅಚ್ಚು ತೆಗೆಯುವುದೊಂದೇ ಬಾಕಿ. ಅಷ್ಟನ್ನು ಮಾಡಿ ಎದ್ದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಡಬ್ಬಿಗಳ ಒಳಗನ್ನಲ್ಲದೆ ತಳವನ್ನೂ ತೊಳೆಯುವವಳು ಎಂಬ ಕೀರ್ತಿ ನೀಲಾಂಬಿಕೆಗೆ ಇತ್ತು. ಭಾನುವಾರ ನಾಲ್ಕು ಜನ ಬಂದು ನೋಡುವ ಕೋಣೆ. ಕಿಟಕಿ ಒರೆಸಿದಳು, ಮೇಜು ಒರೆಸಿದಳು, ಲಿಂಗಣ್ಣನ ಬೆನ್ನು ಒರೆಸಿದಳು. ಆಮೇಲೆ, ಹೊರಗೆ ಇಷ್ಟು ದೂಳಿದ್ದರೆ ಒಳಗೆ ಎಷ್ಟಿರಬೇಕು ಎಂದು ಯೋಚಿಸಿದಳು.

ಕಂಪ್ಯೂಟರಿನಲ್ಲಿ ಅಡಗಿರುವ ಫೈಲುಗಳನ್ನೂ ಹೊರಗೆ ತೋರಿಸುವ ಉಪಾಯವನ್ನು ಅವಳು ಫೋನಿನ ವಿಡಿಯೊ ನೋಡಿ ಕಲಿತಿದ್ದಳು. ತೆರೆದು ನೋಡಿದರೆ ಅಟ್ಟ ಹತ್ತಿದ ಹಾಗಾಯಿತು. ಯಾರು ಇಟ್ಟರು, ಯಾಕೆ ಇಟ್ಟರು ಎಂದು ಗೊತ್ತಿಲ್ಲದ ಪುಟ್ಟ ಪುಟ್ಟ ಸಾಮಾನು. ಒಂದರ ಹೆಸರು ಎನ್, ಟಿ, ಎಲ್, ಡಿ, ಆರ್. ಹೆಸರಿನಲ್ಲಿ ಒಂದಾದರೂ ಸ್ವರ ಬೇಡವೇ? ಬರೀ ವ್ಯಂಜನ. ಇದನ್ನು ಕೂಗಿ ಕರೆಯುವುದು ಹೇಗೆ? ಕರೆಯಲಾಗದ್ದು ಯಾವ ಕೆಲಸಕ್ಕೂ ಬರಲಾರದು ಎಂದು ತೀರ್ಮಾನಿಸಿ, ಅದನ್ನೂ ಅದರ ಅಕ್ಕಪಕ್ಕದವನ್ನೂ ತೆಗೆದುಹಾಕಿದಳು. ಖಂಡಿತವಾಗಿಯೂ ತೆಗೆಯಲೇ ಎಂದು ಲಿಂಗಣ್ಣ ಕೇಳಿದ. ಹಬ್ಬಕ್ಕೆ ಹಳೇ ಚಾಪೆ ಎಸೆಯುವಾಗ ಅವಳ ಗಂಡ ಗುರುಮಲ್ಲಪ್ಪನೂ ಹೀಗೇ ಕೇಳುತ್ತಿದ್ದ. ಅವನಿಗೆ ಕೊಡುತ್ತಿದ್ದ ಉತ್ತರವನ್ನೇ ಕೊಟ್ಟಳು. ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ತೃಪ್ತಿಯಿಂದ, ಒಂದು ಸಲ ಆರಿಸಿ ಹೊತ್ತಿಸಿದಳು.

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ, ಎನ್‌ಟಿಎಲ್‌ಡಿಆರ್ ಕಾಣೆಯಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಲಿಂಗಣ್ಣ ಸುಮ್ಮನಾದ.

ಗುಂಡಿ ಒತ್ತಿದಳು. ತಟ್ಟಿದಳು. ವಯರು ಕಿತ್ತು ಚುಚ್ಚಿದಳು. ಕಾಣೆಯಾಗಿದೆ ಎಂಬ ಒಂದೇ ಮಾತು. ಗುರುಮಲ್ಲಪ್ಪ ಬಾಗಿಲಲ್ಲಿ ಇಣುಕಿ, ಗದ್ದೆ ಕಡೆ ಕೆಲಸ ಇದೆ ಎಂದು ನೆನಪಿಸಿಕೊಂಡು ಹೋದ. ಮದುವೆಯಾದಾಗಿನಿಂದ ಅವನು ಕಲಿತ ಅತ್ಯಂತ ಉಪಯುಕ್ತ ವಿದ್ಯೆ ಅದು.

ನೀಲಾಂಬಿಕೆಯ ತವರು ಹುಣಸೂರು. ಅಲ್ಲಿ ಅವಳ ಶಾಲೆಯ ಗೆಳತಿ ಜೀನತುನ್ನೀಸಾಳ ತಮ್ಮ ಮುಸವೀರ್ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಲಿಂಗಣ್ಣನಿಗೆ ಈ ಹಿಂದೆ ನೆಗಡಿ ಕೆಮ್ಮು ಬಂದಾಗಲೆಲ್ಲ ನೋಡಿದವನು ಅವನೇ. ಕೋಣೆಯೊಳಗೆ ಸಿಗ್ನಲ್ ಸಾಲದೆ ನೀಲಾಂಬಿಕೆ ಹಿತ್ತಿಲಿಗೆ ಬಂದು ಸ್ಪೀಕರ್ ಹಾಕಿ ಅವನಿಗೆ ಫೋನು ಮಾಡಿದಳು.

"ಲಿಂಗಣ್ಣ ಎದ್ದೇಳ್ತಾ ಇಲ್ಲ ಕಣಪ್ಪ. ಬೆಳಿಗ್ಗೆ ಚೆನ್ನಾಗೇ ಇದ್ದ. ಮೈ ಒರೆಸಿದೆ, ಒಳಗೂ ಸ್ವಲ್ಪ ಕ್ಲೀನ್ ಮಾಡಿದೆ ನೋಡು, ಮುಖವೆಲ್ಲ ಕಪ್ಪಾಗೋಯ್ತು."

"ಉಸಿರಾಡೋ ಶಬ್ದ ಬರ್ತದಾ, ಅಕ್ಕ?"

"ಗೊರಗೊರ ಅಂತಾನೆ."

"ಹಂಗಾದ್ರೆ ಜೀವ ಐತೆ ಬುಡಿ. ಕೆ.ಆರ್. ನಗರದಲ್ಲೇ ಇವ್ನಿ, ಬಂದ್ಬುಡ್ತೀನಿ. ಅಲ್ಲಿಗಂಟ ಯಾರ್ನೂ ಮುಟ್ಟಾಕೆ ಬುಡಬ್ಯಾಡಿ."

ಹಿತ್ತಿಲ ಗೋಡೆಯ ಆಚೆ ಚಾಮುಂಡಮ್ಮ ಹಪ್ಪಳ ಒಣಹಾಕುತ್ತಿದ್ದಳು. ಇವಳ ತವರು ಸಾಲಿಗ್ರಾಮ. ಲಿಂಗಣ್ಣನವರ ಮನೆಗೆ ಎದುರು ಮನೆ. ಅವರನ್ನು ಚಡ್ಡಿ ಕಾಲದಿಂದ ಕಂಡವಳಾದ್ದರಿಂದ ಇವಳ ಬಾಯಲ್ಲಿ ಅವರು ಇಂದಿಗೂ ಬರೀ ಲಿಂಗಣ್ಣ. ಅದೂ ಅಲ್ಲದೆ ಆ ದಿನ ಬೆಳಿಗ್ಗೆ ಅವರು ಬಸ್ಸಿಳಿದು ಈ ಬೀದಿಯ ಕಡೆಗೇ ತಿರುಗಿದ್ದನ್ನು ಕಣ್ಣಾರೆ ನೋಡಿದ್ದಳು. ಪಕ್ಕದ ಮನೆಗೆ ಓಡಿಹೋಗಿ ಕೇಳೋಣವೆಂದರೆ, ಸಂಘದ ಉದ್ಘಾಟನೆಯಲ್ಲಿ ದೀಪ ಹಚ್ಚಲು ತನ್ನನ್ನು ಕರೆಯಲಿಲ್ಲವೆಂದು ಅಂದಿನಿಂದ ನೀಲಾಂಬಿಕೆಯೊಡನೆ ಮಾತು ಬಿಟ್ಟಿದ್ದಳು. ಸಾವಿನ ಸುದ್ದಿಯಾದರೂ ಸರಿ, ಮೊದಲು ಮಾತಾಡಿಸಿದವಳು ಸೋತ ಹಾಗೆ. ಆದ್ದರಿಂದ ಅವಳು ನೀಲಾಂಬಿಕೆಯೊಬ್ಬಳನ್ನು ಬಿಟ್ಟು ಉಳಿದ ಎಲ್ಲರಿಗೂ ಫೋನು ಮಾಡಿದಳು.

ಸುದ್ದಿ ಸಾಲಿಗ್ರಾಮಕ್ಕೆ ಹೋಗಿ ಅಲ್ಲಿಂದ ಭೇರ್ಯಕ್ಕೆ ವಾಪಸು ಬರುವ ಹೊತ್ತಿಗೆ ಬೇಕಾದ ಬಹುವಚನವನ್ನೆಲ್ಲ ಪಡೆದುಕೊಂಡಿತ್ತು. ವಾಣಿಶ್ರೀಗೆ ಬಂದ ಫೋನಿನಲ್ಲಿ, ಲಿಂಗಣ್ಣನವರು ನಿಮ್ಮ ಸಂಘದ ಕೋಣೆಯಲ್ಲೇ ಹೋಗಿಬಿಟ್ಟರಂತೆ, ಯಾರೋ ಮೈ ಒರೆಸುವಾಗ ಗೊತ್ತಾಯಿತಂತೆ ಎಂದಿತ್ತು. ಅವರ ಫೋನಿಗೆ ಮಾಡಿದರೆ ಎತ್ತುತ್ತಿಲ್ಲ. ಹೆಂಡತಿ ಪ್ರೇಮಮ್ಮ ಎಚ್.ಡಿ. ಕೋಟೆಯಲ್ಲಿ ತಂಗಿಯ ಮನೆಗೆ ಹೋಗಿದ್ದರು. ಅವರಿಗೆ ಯಾರು ಹೇಳಬೇಕೆಂಬ ಚರ್ಚೆ ಬಗೆಹರಿಯದೆ ಪುಣ್ಯಕ್ಕೆ ಯಾರೂ ಹೇಳಲಿಲ್ಲ.

ವಾಣಿಶ್ರೀ ಅಧ್ಯಕ್ಷೆಯಾಗಿ ಮಾಡಬೇಕಾದ್ದನ್ನೆಲ್ಲ ಮಾಡಿದಳು. ಪ್ರೆಸ್ಸಿಗೆ ಹೋಗಿ ಸಂಗತಿ ತಿಳಿಸಿದಳು. ಪ್ರೆಸ್ಸಿನವನು ವಿಚಲಿತನಾಗಲಿಲ್ಲ. ಅಭಿನಂದನೆಗೂ ಶ್ರದ್ಧಾಂಜಲಿಗೂ ಅವನ ಹತ್ತಿರ ಇದ್ದದ್ದು ಒಂದೇ ಒಕ್ಕಣೆ. ನಡೆದಾಡುವ ಜ್ಞಾನಭಂಡಾರ, ಸರಳತೆಯ ಸಾಕಾರಮೂರ್ತಿ, ಬಡವರ ಬಂಧು, ಎಲ್ಲವೂ ಎರಡಕ್ಕೂ ಸಲ್ಲುತ್ತದೆ. 'ಆಗಿದ್ದಾರೆ' ಎಂಬುದನ್ನು 'ಆಗಿದ್ದರು' ಎಂದು ಮಾಡಿದರೆ ಆಯಿತು. ಚಹಾ ಆರುವಷ್ಟರಲ್ಲಿ ಮಾಡಿ, ಫೋಟೊಗೆ ಹಾಕುವ ಹಾಗೆ ಕಟ್ಟು ಹಾಕಿ ಕೊಟ್ಟ. ಫ್ಲೆಕ್ಸಿನ ಮೇಲಿದ್ದ 'ಹಾರ್ದಿಕ ಅಭಿನಂದನೆಗಳು' ಎಂಬ ಜಾಗಕ್ಕೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂಬ ಪಟ್ಟಿ ಅಂಟಿಸಿಬಂದ. ಸನ್ಮಾನಕ್ಕೆ ತಂದ ಗಂಧದ ಹಾರ ಹೇಗೂ ಇತ್ತು. ಯಾವ ಸಾಮಾನೂ ವ್ಯರ್ಥವಾಗಲಿಲ್ಲ ಎಂಬುದೊಂದೇ ಆ ದುಃಖದಲ್ಲಿ ಸಮಾಧಾನ.

ಇತ್ತ ಮುಸವೀರ್ ಬಂದು ಲಿಂಗಣ್ಣನ ಮುಂದೆ ಕೂತಿದ್ದ. ಅವನು ಕೈಗಿಂತ ಮೊದಲು ಬಾಯಿ ಬಳಸುವ ಮೆಕ್ಯಾನಿಕ್ಕು. ಪಿರಿಯಾಪಟ್ಟಣದ ಯಾರದೋ ಕಂಪ್ಯೂಟರಿನೊಳಗಿಂದ ಜೀವಂತ ಹಲ್ಲಿ ತೆಗೆದದ್ದನ್ನು ಹೇಳಿ ಮುಗಿಸುವವರೆಗೆ ಸ್ಕ್ರೂ ಬಿಚ್ಚಲಿಲ್ಲ. ಆಮೇಲೆ ಪರದೆ ನೋಡಿ ನಕ್ಕ. ನೀಲಾಂಬಿಕೆ ಮಾತ್ರ ಗಡಿಯಾರ ನೋಡಿದಳು.

"ನಾನು ಬರೆದಿದ್ದು ಹೋಯ್ತೇನೋ ಮುಸವೀರ್?"

"ಮನೇಲಿ ಸಾಮಾನೆಲ್ಲ ಇದ್ದಂಗೇ ಐತೆ ಅಕ್ಕ. ಬೆಳಿಗ್ಗೆ ಎದ್ದು ಬಾಗಿಲು ತೆಗಿಯೋನು ಒಬ್ನಿದ್ದ. ನೀವು ಅವನ್ನೇ ಗುಡಿಸಿ ಹೊರಗೆ ಹಾಕಿದ್ದೀರ."

ಇದಕ್ಕೆ ಆ ಕಾಲದ ಡಿಸ್ಕು ಬೇಕು, ಅದರಲ್ಲಿ ಬಾಗಿಲು ತೆಗೆಯುವವನ ಅಣ್ಣತಮ್ಮಂದಿರು ಇರುತ್ತಾರೆ, ಒಬ್ಬನನ್ನು ಕರೆತಂದು ಕೂರಿಸಿದರೆ ಆಯಿತು ಎಂದ. ಡಿಸ್ಕು ಚೀಲದಲ್ಲೇ ಇತ್ತು. ಆದರೆ ಲಿಂಗಣ್ಣನ ಡಿಸ್ಕು ನುಂಗುವ ಬಾಯಿ ತೆರೆಯಲೊಲ್ಲದು. ಹೇರ್‌ಪಿನ್ನು ಕೇಳಿದ. ನೀಲಾಂಬಿಕೆ ತಲೆಯಿಂದ ಕಿತ್ತು ಕೊಟ್ಟಳು. ಅಷ್ಟರಲ್ಲಿ ಹೊರಗೆ ಜನರ ಸದ್ದಾಯಿತು. ಜಡೆ ಬಿಚ್ಚಿಹೋದ ಅವತಾರದಲ್ಲೇ ಅವಳು ಬಾಗಿಲು ತೆರೆದಳು.

ಅಂಗಳದಲ್ಲಿ ಅರ್ಧ ಊರು ನಿಂತಿತ್ತು. ಮುಂದೆ ವಾಣಿಶ್ರೀ, ಅವಳ ಕೈಯಲ್ಲಿ ಗಂಧದ ಹಾರ. ಗೋಡೆಯಾಚೆಯಿಂದ ಚಾಮುಂಡಮ್ಮನ ರಾಗದ ಅಳು. ಪಂಚಾಯಿತಿಯ ಪಿಡಿಒ ರಘು, ಮರಣ ಪ್ರಮಾಣಪತ್ರದ ವಿಷಯದಲ್ಲಿ ಜನ ಅಲೆದಾಡಬಾರದೆಂಬ ಸದುದ್ದೇಶದಿಂದ, ಪೆನ್ನು ಹಿಡಿದೇ ಬಂದಿದ್ದ. ಜಡೆ ಬಿಚ್ಚಿದ್ದನ್ನು ಕಂಡು ಕೆಲವರು ಬಾಯಿಗೆ ಸೆರಗು ಒತ್ತಿಕೊಂಡರು.

ನೀಲಾಂಬಿಕೆಯ ಕಣ್ಣು ತುಂಬಿತು. ತನ್ನ ಒಂದು ಕಂಪ್ಯೂಟರು ಕೆಟ್ಟದ್ದಕ್ಕೆ ಇಷ್ಟು ಜನ. ಊರಿನವರ ಬಗ್ಗೆ ತಾನು ಇದುವರೆಗೆ ತಿಳಿದದ್ದೆಲ್ಲ ತಪ್ಪು ಎನಿಸಿತು.

"ತಪ್ಪೆಲ್ಲ ನಂದೇ ಕಣ್ರೀ. ಬೇಡದ್ದು ಅಂದ್ಕೊಂಡು ನಾನೇ ಕೈಯಾರೆ ತೆಗೆದ್ಬಿಟ್ಟೆ" ಎಂದಳು.

ಗೋಡೆಯಾಚೆಯ ಅಳು ನಡುವೆ ನಿಂತು ಕಿವಿಗೊಟ್ಟಿತು.

"ಏನು ತೆಗೆದ್ರಿ, ಮೇಡಂ?" ರಘು ಒಂದು ಹೆಜ್ಜೆ ಹಿಂದೆ ಸರಿದೇ ಕೇಳಿದ.

"ಏನೋ ಸಣ್ಣದು. ಒಳಗಡೆ ಇತ್ತು. ಯಾವತ್ತೂ ಕೆಲಸಕ್ಕೆ ಬಂದಿದ್ದು ನಾನಂತೂ ನೋಡಿರ್ಲಿಲ್ಲ."

ವಾಣಿಶ್ರೀ ಹಾರವನ್ನು ಎದೆಗೆ ಒತ್ತಿಕೊಂಡು, ಈಗ ಎಲ್ಲಿ ಮಲಗಿಸಿದ್ದೀರಿ ಎಂದು ಪಿಸುಗುಟ್ಟಿದಳು. ಮಲಗಿಸುವುದೇನು, ಮೇಜಿನ ಮೇಲೆ ಇದ್ದ ಹಾಗೇ ಇದ್ದಾನೆ, ಮುಸವೀರ್ ಮೈಯೆಲ್ಲ ಬಿಚ್ಚಿದ್ದಾನೆ, ಬಾಯಿ ತೆರೆಸಲು ನೋಡುತ್ತಿದ್ದಾನೆ ಎಂದಳು ನೀಲಾಂಬಿಕೆ. ವಾಣಿಶ್ರೀ ಸಭೆಯ ದಿನ ಮಾತ್ರ ಸಂಘಕ್ಕೆ ಬರುವವಳು. ಹೆಂಗಸರ ಏಕವಚನದ ಏರ್ಪಾಡು ಅವಳಿಗೆ ತಿಳಿದಿರಲಿಲ್ಲ. ಆಘಾತವಾದಾಗ ಬಹುವಚನ ಜಾರಿಹೋಗುತ್ತದೆ ಎಂದುಕೊಂಡಳು.

ಹುಣಸೂರಿನಿಂದ ಯಾರೋ ಸಾಹೇಬರು ಬಂದಿದ್ದಾರಂತೆ, ಹೋದವರನ್ನು ಎಬ್ಬಿಸುತ್ತಾರಂತೆ ಎಂಬ ಮಾತು ಅಂಗಳದ ಒಂದು ಮೂಲೆಯಿಂದ ಇನ್ನೊಂದಕ್ಕೆ ಹಬ್ಬಿತು. ಅದು ಆಗುವ ಮಾತಲ್ಲ ಎಂದು ಕೆಲವರೂ, ನೋಡಿಕೊಂಡೇ ಹೋಗೋಣ ಎಂದು ಎಲ್ಲರೂ ಅಂದುಕೊಂಡರು. ರಘು ತನ್ನ ಕರ್ತವ್ಯ ಮರೆಯಲಿಲ್ಲ. ವಯಸ್ಸೆಷ್ಟಾಗಿತ್ತು ಎಂದು ಕೇಳಿದ.

"ಹದಿನೈದು ದಾಟಿರಬೇಕು. ಲಿಂಗಣ್ಣನವರು ತಗೊಂಡಾಗಲೇ ಅದು ಹಳೇದಂತೆ" ಎಂದಳು ನೀಲಾಂಬಿಕೆ.

ರಘು ಬರೆಯಲು ಎತ್ತಿದ ಪೆನ್ನು ಹಾಗೇ ನಿಂತಿತು.

ಇಷ್ಟು ಹೊತ್ತು ಲಿಂಗಣ್ಣನವರು ಎಲ್ಲಿದ್ದರು ಎಂಬುದು ಆಮೇಲೆ ತಿಳಿಯಿತು. ಭಾನುವಾರದ ವೇದಿಕೆಗೆ ತಲೆಗೂದಲು ಕಪ್ಪಾಗಿರಲೆಂದು ಸಂಘದ ಬೀದಿಯ ಕೊನೆಯ ಸೆಲೂನಿನಲ್ಲಿ, ಬಣ್ಣ ಬಳಿಸಿಕೊಂಡು, ಕನ್ನಡಕ ತೆಗೆದು, ಫೋನನ್ನು ಚಾರ್ಜಿಗೆ ಹಾಕಿ, ಕಣ್ಣು ಮುಚ್ಚಿ ಕೂತಿದ್ದರು. ಅವರ ಸ್ವಂತ ಊರಿನಲ್ಲಿ ಹಚ್ಚಿಸಿಕೊಂಡರೆ ನಾಲ್ಕು ಜನರಿಗೆ ಗೊತ್ತಾಗುತ್ತದೆ. ಯಾರೋ ದೊಡ್ಡ ಮನುಷ್ಯರು ಹೋದರಂತೆ, ಅಂಗಡಿ ಮುಚ್ಚಬೇಕು ಎಂದು ಸೆಲೂನಿನವನು ಅವಸರದಲ್ಲಿ ತಲೆ ತೊಳೆದು ಕಳಿಸಿದ. ಸರ್ಕಲ್ಲಿಗೆ ಬಂದು ಕನ್ನಡಕ ಏರಿಸಿದರೆ ಎದುರಿಗೆ ತಮ್ಮದೇ ಫ್ಲೆಕ್ಸು. ಅವರ ಕಣ್ಣಿಗೆ ಮೊದಲು ಬಿದ್ದದ್ದು 'ನಿವೃತ್ತ' ಎಂಬುದನ್ನು 'ನಿರ್ವೃತ್ತ' ಎಂದು ಬರೆದಿದ್ದದ್ದು. ಜೀವಮಾನವಿಡೀ ಕಡತದಲ್ಲಿ ಕಾಗುಣಿತ ತಿದ್ದಿದ ಮನುಷ್ಯ. ಆ ಕೋಪದಲ್ಲಿ ಕೆಳಗಿನ ಪಟ್ಟಿ ಓದದೆಯೇ ನೀಲಾಂಬಿಕೆಯ ಮನೆಗೆ ದಾಪುಗಾಲು ಹಾಕಿದರು.

ಅಂಗಳದ ಹಿಂದಿನ ಸಾಲಿನಲ್ಲಿ ಬಂದು ನಿಂತ ಕರಿಕೂದಲಿನ ಮನುಷ್ಯನ ಗುರುತು ಯಾರಿಗೂ ಹತ್ತಲಿಲ್ಲ. ಊರಿಗೆ ಗೊತ್ತಿದ್ದ ಲಿಂಗಣ್ಣನವರ ತಲೆ ಬೆಳ್ಳಗೆ ಹತ್ತಿಯ ಹಾಗಿತ್ತು. ಅವರು ಜನರನ್ನು ಸರಿಸಿ ಮುಂದೆ ಬರಲು, ರಘು ಅಡ್ಡ ನಿಂತ.

"ನೀವು ಸತ್ತವರಿಗೆ ಏನಾಗಬೇಕು?"

"ಯಾರಯ್ಯ ಸತ್ತೋರು?"

"ಸಾಲಿಗ್ರಾಮದ ಲಿಂಗಣ್ಣನೋರು."

"ಅದು ನಾನೇ ಕಣಯ್ಯ."

"ನಾನೇ ಅಂದ್ರೆ ಆಗಲ್ಲ ಸರ್. ಸಂಬಂಧ ಹೇಳಿ."

ಆ ಕ್ಷಣಕ್ಕೆ ಕೋಣೆಯ ಒಳಗಿಂದ ಲಿಂಗಣ್ಣ ಎದ್ದಾಗ ನುಡಿಸುವ ಆ ಹಳೆಯ ಸಂಗೀತದ ತುಣುಕು ಕೇಳಿಬಂತು. ಬೆನ್ನಿಗೇ ಮುಸವೀರನ ದನಿ: "ಎದ್ದ ನೋಡಿ ಅಕ್ಕ, ಲಿಂಗಣ್ಣ ಎದ್ದ."

ಜನ ಒಳಗೆ ನೋಡಲು ಹೊರಳಿದರು. ಗೋಡೆಯಾಚೆಯಿಂದ ಇಣುಕಿದ ಚಾಮುಂಡಮ್ಮ ಮಾತ್ರ ಹೊರಗೆ ನೋಡಿದಳು. ಚಡ್ಡಿ ಕಾಲದ ಕಪ್ಪು ತಲೆ ಅವಳಿಗೆ ಪರಿಚಯವಿತ್ತು. ಎದ್ದವನು ಒಳಗಿದ್ದರೆ ಈ ಹೊರಗಿರುವವನು ಯಾರು ಎಂಬ ಲೆಕ್ಕ ಬಗೆಹರಿಯದೆ ಅವಳು ಹಪ್ಪಳದ ಮೇಲೇ ಕೂತುಬಿಟ್ಟಳು.

ಯಾರು ಯಾರಿಗೆ ಏನು ಹೇಳಿದರು ಎಂಬುದು ಸರಿಹೋಗಲು ಸಾಕಷ್ಟು ಸಮಯ ಹಿಡಿಯಿತು. ಪ್ರತಿಯೊಬ್ಬರೂ ತಾವು ಮೊದಲೇ ನಂಬಿರಲಿಲ್ಲ ಎಂದರು. ರಘು ಪೆನ್ನನ್ನು ಜೇಬಿಗೆ ಸೇರಿಸಿ, ಬದುಕಿರುವವರಿಗೆ ಪಂಚಾಯಿತಿಯಿಂದ ಯಾವ ಪ್ರಮಾಣಪತ್ರವೂ ಬೇಕಿಲ್ಲವೆಂದು ಹೊರಟುಹೋದ. ಲಿಂಗಣ್ಣನವರು ಮಾತ್ರ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಅವರ ದೊಡ್ಡತನ ಏನೆಂದರೆ ಸತ್ತದ್ದನ್ನು ಅವರು ಕ್ಷಮಿಸಿದರು, 'ನಿರ್ವೃತ್ತ'ವನ್ನು ಕ್ಷಮಿಸಲಿಲ್ಲ. ಈಗಲಾದರೂ ತಮ್ಮ ಬಗ್ಗೆ ಏನು ಬರೆದಿದ್ದೀರೋ ಕೇಳಿಸಿ, ತಪ್ಪಿದ್ದರೆ ಇಲ್ಲೇ ತಿದ್ದುತ್ತೇನೆ ಎಂದರು.

ವಾಣಿಶ್ರೀ ಕಟ್ಟು ಹಾಕಿಸಿದ್ದನ್ನು ಓದಿದಳು. ಜ್ಞಾನಭಂಡಾರವಾಗಿದ್ದರು, ಸಾಕಾರಮೂರ್ತಿಯಾಗಿದ್ದರು. ಲಿಂಗಣ್ಣನವರು ಕಣ್ಣು ಮುಚ್ಚಿ ತಲೆದೂಗಿದರು. ಆಮೇಲೆ ಎಲ್ಲರೂ ನೀಲಾಂಬಿಕೆಯ ಕಡೆ ನೋಡಿದರು.

ಅವಳ ಬರಹ ಇಟ್ಟ ಜಾಗದಲ್ಲೇ ಇತ್ತು. ಒಂದು ಅಕ್ಷರವೂ ಹೋಗಿರಲಿಲ್ಲ. ಇಷ್ಟು ಜನರ ಮುಂದೆ ಅದನ್ನು ಓದಬೇಕಾಗುತ್ತದೆ ಎಂದು ಅವಳಿಗೆ ಈಗ ಹೊಳೆಯಿತು. ಹೋಗಿದ್ದರೇ ಚೆನ್ನಾಗಿತ್ತೇನೋ ಎಂದು ಒಂದು ಗಳಿಗೆ ಅನಿಸಿತು. ಓದಿದಳು.

"ಲಿಂಗಣ್ಣನವರು ನಮಗೆ ಒಂದು ಕಂಪ್ಯೂಟರು ಕೊಟ್ಟರು. ಅದು ಹೊತ್ತಿಸಿದ ಕೂಡಲೇ ಏಳುವುದಿಲ್ಲ. ಬಹಳ ನಿಧಾನ. ಅದು ಏಳುವ ತನಕ ನಾವು ಸುಮ್ಮನೆ ಕೂರಬೇಕು. ಮನೆಯಲ್ಲಿ ಕೈಯಲ್ಲಿ ಕೆಲಸವಿಲ್ಲದೆ ನಾವು ಕೂತದ್ದೇ ಇಲ್ಲ. ಕೂತರೆ ಮೈ ಹುಷಾರಿಲ್ಲವೇ ಎಂದು ಕೇಳುತ್ತಾರೆ. ಇಲ್ಲಿ ಯಾರೂ ಕೇಳಲಿಲ್ಲ. ಹಾಗೆ ಕೂತಾಗ ಒಬ್ಬಳು ತನ್ನ ಗಂಡನ ಮನೆಗೆ ಬಂದ ಮೊದಲ ದಿನದ ಬಗ್ಗೆ ಹೇಳಿದಳು. ಇನ್ನೊಬ್ಬಳು ತನಗೆ ಈಜು ಬರುತ್ತದೆ ಎಂದಳು. ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಅವಳಿಗೂ ಮರೆತೇಹೋಗಿತ್ತಂತೆ. ಇಷ್ಟು ಬಿಡುವು ನಮಗೆ ದೊರಕಿಸಿಕೊಟ್ಟದ್ದಕ್ಕಾಗಿ ಅವರಿಗೆ ನಮಸ್ಕಾರ."

"ಇಷ್ಟೇನಾ?" ಎಂದರು ಲಿಂಗಣ್ಣನವರು. ಕಾಗುಣಿತದಲ್ಲಿ ತಪ್ಪಿಲ್ಲ ಎಂದು ಒಪ್ಪಿದರು. ಆದರೆ ಇದರಲ್ಲಿ ನಾನು ಎಲ್ಲಿದ್ದೇನೆ, ಎಲ್ಲ ಈ ಡಬ್ಬದ ವಿಷಯವೇ ಆಯಿತಲ್ಲ ಎಂದರು. ನೀಲಾಂಬಿಕೆ ಯೋಚಿಸಿ ನೋಡಿದಳು. ಅವರ ಮಾತು ನಿಜವಾಗಿತ್ತು. ಅವರು ವಾಣಿಶ್ರೀಯ ಕೈಯಿಂದ ಕಟ್ಟು ತೆಗೆದುಕೊಂಡು, ಭಾನುವಾರಕ್ಕೆ ಇದೇ ಇರಲಿ, 'ಆಗಿದ್ದರು' ಇರುವ ಕಡೆಯೆಲ್ಲ 'ಆಗಿದ್ದಾರೆ' ಅಂಟಿಸಿದರೆ ಸಾಕು ಎಂದು, ತಾವೇ ನಿಂತು ಮಾಡಿಸಲು ಪ್ರೆಸ್ಸಿನ ಕಡೆ ನಡೆದರು. ವಾಣಿಶ್ರೀಯೂ ಹಾರ ಹಿಡಿದು ಹಿಂದೆಯೇ ಹೋದಳು.

ಗಂಡಸರು ಚದುರತೊಡಗಿದರು. ಮುಸವೀರ್ ಸ್ಕ್ರೂ ಬಿಗಿಯುತ್ತಾ, ಇನ್ನೊಂದು ಸಲ ಬಂದಾಗ ಹೊಸ ಸಾಮಾನು ಹಾಕಿಕೊಡುತ್ತೇನೆ, ಗುಂಡಿ ಒತ್ತಿದ ತಕ್ಷಣ ಎದ್ದು ಕೂರುತ್ತಾನೆ ಎಂದ. ಕೋಣೆಯಲ್ಲಿದ್ದ ಹೆಂಗಸರು ಒಟ್ಟಿಗೇ ಬೇಡವೆಂದರು. ಅವನು ಅಷ್ಟು ಒಳ್ಳೆಯ ಕೊಡುಗೆಯನ್ನು ಬೇಡವೆಂದವರನ್ನು ಹುಣಸೂರಿನಲ್ಲಿ ಎಲ್ಲೂ ಕಂಡಿರಲಿಲ್ಲ.

ಬಾಗಿಲಲ್ಲಿ ಚಾಮುಂಡಮ್ಮ ನಿಂತಿದ್ದಳು, ಸೀರೆಯ ಹಿಂಭಾಗಕ್ಕೆಲ್ಲ ಹಪ್ಪಳದ ಚೂರು. ಸಂಘ ಶುರುವಾದಂದಿನಿಂದ ಈ ಹೊಸಿಲು ತುಳಿದವಳಲ್ಲ. ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ಲಿಂಗಣ್ಣನಿಗೆ ಎದುರಾಗಿ ಚಾಪೆಯ ಮೇಲೆ ಕೂತಳು.

"ಅದೇನೋ ಓದುದ್ಯಲ್ಲ, ಇನ್ನೊಂದ್ಸಲ ಓದವ್ವ ನೀಲಾ" ಎಂದಳು. "ಅಳ್ತಾ ಇದ್ನಲ್ಲ, ಮೊದಲ್ನೇದು ಸರಿಯಾಗಿ ಕೇಳಿಸ್ನಿಲ್ಲ."

ನೀಲಾಂಬಿಕೆ ಕುರ್ಚಿ ಬಿಟ್ಟು ಇಳಿದು ಚಾಪೆಯ ಮೇಲೆ ಅವಳ ಪಕ್ಕ ಕೂತಳು. ಅಲ್ಲಿಂದ ಪರದೆಯ ಅಕ್ಷರ ಕಾಣಿಸುತ್ತಿರಲಿಲ್ಲ. ನೋಡದೆಯೇ ಮೊದಲಿನಿಂದ ಹೇಳತೊಡಗಿದಳು.